ನಕಲಾಗುವ ಸೂತ್ರ, ನಕಲಾಗದ ಹೆಸರು

ಅಮೆರಿಕದ ಕಾನೂನಿನಂತೆ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗಳಲ್ಲಿಯೇ ಮಾಗಿಸತಕ್ಕದ್ದು. ಒಮ್ಮೆ ಬಳಸಿದ ಪೀಪಾಯಿ ಮತ್ತೆ ಆ ಕೆಲಸಕ್ಕೆ ಬಾರದು. ಅಂತಹ ಹಳೆಯ ಪೀಪಾಯಿಗಳಲ್ಲಿ ಕಪ್ಪು ಬಣ್ಣದ ಸ್ಟೌಟ್ ಬಿಯರನ್ನು ಮಾಗಿಸಿ, ಷಿಕಾಗೋದ ಗೂಸ್ ಐಲ್ಯಾಂಡ್ ಸಂಸ್ಥೆಯು 1990ರ ದಶಕದಲ್ಲಿ ದುಬಾರಿ ಸರಕೊಂದನ್ನು ಸೃಷ್ಟಿಸಿತು.

ಅಲ್ಲಿ 1978ರಲ್ಲಿ ಅಂಗೀಕೃತವಾದ ಕಾನೂನು, ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿಸಿತು. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಇದು ಸಲ್ಲದು. ಸುಮಾರು 200 ಲೀಟರಿನ ಪೀಪಾಯಿಯನ್ನು ತುಂಬಲಾರದ ಅಲ್ಲಿನ ಹವ್ಯಾಸಿಗಳು 19 ಲೀಟರಿನಷ್ಟು ಸ್ಟೌಟ್ ಹುದುಗಿಸಿ, ಬರ್ಬನ್ನಿನಲ್ಲಿ ನೆನೆಸಿದ ಓಕ್ ತುಂಡುಗಳನ್ನು ಅದಕ್ಕೆ ಸೇರಿಸಿ, ಹೆಸರಾಂತ ಬಿಯರುಗಳ ರುಚಿಯನ್ನು ಅನುಕರಿಸುತ್ತಾರೆ.

ಇದರಿಂದ ಮೂಲ ತಯಾರಕರಿಗೆ ನಷ್ಟವೇ? ಸ್ಕಾಟ್ಲೆಂಡಿನ ಬ್ರೂಡಾಗ್ ಸಂಸ್ಥೆಯು ಹಾಗೆ ಭಾವಿಸಲಿಲ್ಲ. 2016ರಲ್ಲಿ ಅದು 200ಕ್ಕೂ ಹೆಚ್ಚು ಬಿಯರುಗಳ ಸೂತ್ರಗಳನ್ನು ತಾನಾಗಿಯೇ ಪ್ರಕಟಿಸಿತು. ಅನುಕರಣೆಗೆ ಕೈಹಾಕಿದವನು ಮಾಲ್ಟಿನ ಖರ್ಚು, ತಿಂಗಳುಗಟ್ಟಲೆ ಕಾಯುವ ತಾಳ್ಮೆ, ಪ್ರತಿ ಸಲವೂ ಒಂದೇ ರುಚಿ ತರುವ ಕಷ್ಟ ಇವೆಲ್ಲವನ್ನೂ ಅರಿತು ಮೂಲ ಸರಕಿನ ಬೆಲೆಗೆ ತಲೆದೂಗುತ್ತಾನೆ.

ಉಪ್ಪಿನಕಾಯಿಯಿಂದ ಊದುಬತ್ತಿಯವರೆಗೆ ಸೂತ್ರವನ್ನು ಬಚ್ಚಿಡುವುದರಲ್ಲೇ ಸಣ್ಣ ಉದ್ದಿಮೆದಾರರ ಅರ್ಧ ಚಿಂತೆ ಕಳೆಯುತ್ತದೆ. ಹೆಸರನ್ನು ನೋಂದಾಯಿಸುವ ಮಾತು ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮವು ಕಾಯುವುದು ಹೆಸರನ್ನು, ಸೂತ್ರವನ್ನಲ್ಲ. ಸೂತ್ರ ಇಂದಲ್ಲ ನಾಳೆ ಹೊರಬೀಳುತ್ತದೆ. ಹೆಸರು ಕೈತಪ್ಪಿದರೆ ಗಳಿಸಿದ ಗಿರಾಕಿಯೂ ಕೈತಪ್ಪುತ್ತಾನೆ. ಮೊದಲು ಕಾಯಬೇಕಾದದ್ದು ಯಾವುದನ್ನು ಎಂಬುದನ್ನು ವರ್ತಕರು ಈಗಲೇ ನಿರ್ಧರಿಸುವುದು ಲೇಸು.