ಘಾಟಿ ದನಗಳ ಜಾತ್ರೆ: ಕೊಂದರೆ ಐದು ಲಕ್ಷದವರೆಗೆ ದಂಡ, ಹಿಂಸೆ ಕೊಟ್ಟರೆ 50 ರೂಪಾಯಿ!

ದೊಡ್ಡಬಳ್ಳಾಪುರ: ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೂ ಮುಂಚೆ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರುವುದು ನಮ್ಮ ತಾಲ್ಲೂಕಿನ ಹಳೇ ವಾಡಿಕೆ. ಹಳ್ಳಿಕಾರ್ ಎತ್ತುಗಳನ್ನು ಕೊಳ್ಳಲು ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡಿನಿಂದಲೂ ರೈತರು ಬರ್ತಾರೆ. ಒಳ್ಳೇ ಜೋಡಿ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತೆ. ಜಾತ್ರೆಯಲ್ಲಿ ಇರುವಷ್ಟು ದಿನ ಎತ್ತಿಗೆ ರಾಜೋಪಚಾರ. ಚಪ್ಪರ, ಹುರುಳಿ, ಹಿಂಡಿ, ಮೆರವಣಿಗೆ ಎಲ್ಲಾ ಉಂಟು.

ವ್ಯಾಪಾರ ಮುಗಿದ ಮೇಲೆ ಏನಾಗುತ್ತೆ? ಅದೇ ಎತ್ತು ಕ್ಯಾಂಟರ್ ಇಲ್ಲವೇ ಪಿಕಪ್ ಗಾಡಿ ಹತ್ತಿ ನೂರಾರು ಕಿಲೋಮೀಟರ್ ಹೋಗಬೇಕು. ಪ್ರಾಣಿ ಹಿಂಸೆಯ ಪ್ರಶ್ನೆ ಶುರುವಾಗೋದು ಅಲ್ಲಿಂದಲೇ.

ಕಾನೂನು ಏನು ಹೇಳುತ್ತೆ?

1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ ಒಂದು ಸರಕು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನ ಸಾಗಿಸುವಂತಿಲ್ಲ. ನೋಡಿಕೊಳ್ಳಲು ಒಬ್ಬ ಆಳು ಜೊತೆಗಿರಬೇಕು. ಬೇರೆ ಸರಕು ತುಂಬಬಾರದು. ಪಶುವೈದ್ಯರ ಪ್ರಮಾಣಪತ್ರ ಬೇಕು. 2016ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮ ಒಂದು ದನಕ್ಕೆ ಎರಡು ಚದರ ಮೀಟರ್ ಜಾಗ ಕೊಡಿ ಅನ್ನುತ್ತೆ. ಈ ಲೆಕ್ಕದಲ್ಲಿ ಸಾಮಾನ್ಯ ಪಿಕಪ್‌ನಲ್ಲಿ ಒಂದು ಜೋಡಿ ನಿಂತರೆ ಜಾಗ ಮುಗೀತು.

ನಿಯಮ ಚೆನ್ನಾಗೇ ಇದೆ. ಆದರೆ ಮುರಿದರೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅರವತ್ತು ವರ್ಷ ದಾಟಿದರೂ ಈ ಮೊತ್ತ ಬದಲಾಗಿಲ್ಲ. ದಂಡ ಹೆಚ್ಚಿಸಲು 2022ರಲ್ಲಿ ಕೇಂದ್ರ ಸರ್ಕಾರ ಕರಡು ಮಸೂದೆ ಪ್ರಕಟಿಸಿತು, ಅದು ಕರಡಾಗಿಯೇ ಉಳೀತು.

ಇದರ ಪಕ್ಕಕ್ಕೆ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಇಟ್ಟು ನೋಡಿ. 2021ರಲ್ಲಿ ಜಾರಿಯಾದ ಈ ಕಾಯ್ದೆಯಲ್ಲಿ ಮೊದಲ ತಪ್ಪಿಗೇ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ ಐದು ಲಕ್ಷದವರೆಗೆ ದಂಡ. ಅಂದರೆ ದನದ ಸಾವಿಗೆ ಕಾನೂನು ಲಕ್ಷದ ಲೆಕ್ಕ ಹಾಕುತ್ತೆ, ಬದುಕಿರುವ ದನದ ನೋವಿಗೆ ಒಂದು ಹೊರೆ ಹುಲ್ಲಿನ ಬೆಲೆಯೂ ಇಲ್ಲ.

ರಾಜಕೀಯದ ಗದ್ದಲದಲ್ಲಿ ಕಳೆದುಹೋದದ್ದು

2017ರ ಮೇನಲ್ಲಿ ಕೇಂದ್ರ ಸರ್ಕಾರ ಜಾನುವಾರು ಮಾರುಕಟ್ಟೆ ನಿಯಮ ತಂದಿತ್ತು. ಸಂತೆಯಲ್ಲಿ ನೀರಿನ ತೊಟ್ಟಿ, ನೆರಳು, ದನ ಹತ್ತಿಸಿ ಇಳಿಸಲು ಇಳಿಜಾರು, ಕಾಯಿಲೆ ಬಿದ್ದ ದನಕ್ಕೆ ಬೇರೆ ಜಾಗ, ಪಶುವೈದ್ಯರು, ಇವೆಲ್ಲಾ ಇರಬೇಕು ಎಂದು ಅದರಲ್ಲಿತ್ತು. ಜೊತೆಗೆ ಕಸಾಯಿಖಾನೆಗೆ ಮಾರುವಂತಿಲ್ಲ ಎಂಬ ಷರತ್ತೂ ಇತ್ತು. ಕೊಂಬಿಗೆ ಬಣ್ಣ ಬಳಿಯೋದನ್ನೂ ನಿಷೇಧಿಸಿತ್ತು! ದೇಶದ ಚರ್ಚೆಯೆಲ್ಲಾ ಕಸಾಯಿಖಾನೆ ಸುತ್ತಲೇ ತಿರುಗಿತು. ಮದ್ರಾಸ್ ಹೈಕೋರ್ಟ್ ಕೊಟ್ಟ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ವಿಸ್ತರಿಸಿತು. ನೀರಿನ ತೊಟ್ಟಿಯ ಮಾತು ಯಾರ ಬಾಯಲ್ಲೂ ಉಳೀಲಿಲ್ಲ.

ರೈತರತ್ತ ಬೊಟ್ಟು ಮಾಡಿದರೆ ಸಾಲದು

ಮಕ್ಕಳಂತೆ ಎತ್ತು ಸಾಕುವ ರೈತನೇ ಹಿಂಸೆ ಮಾಡ್ತಾನೆ ಅಂದುಬಿಡೋದು ಸುಲಭ. ಆದರೆ ಇಕ್ಕಟ್ಟಾಗಿ ತುಂಬುವುದು ಬಾಡಿಗೆಯ ಲೆಕ್ಕ. ದೂರದೂರಿಗೆ ಎರಡೇ ಎತ್ತು ಒಯ್ದರೆ ಗಾಡಿ ಬಾಡಿಗೆ ಗಿಟ್ಟೋದಿಲ್ಲ ಅಂತ ಏಳೆಂಟು ಹತ್ತಿಸ್ತಾರೆ. ದಾರಿಯಲ್ಲಿ ಕಾಲು ಮುರಿದರೆ ನಷ್ಟ ಕೊಂಡವನಿಗೇ. ಹಾಗಾಗಿ ದನದ ಹಿತ, ರೈತನ ಹಿತ ಇಲ್ಲಿ ಬೇರೆಬೇರೆ ಅಲ್ಲ. ಜಾತ್ರೆಯನ್ನೇ ನಿಲ್ಲಿಸಿ ಅನ್ನೋದೂ ಪರಿಹಾರವಲ್ಲ. ಕೊಳ್ಳುವವರಿಲ್ಲದಿದ್ದರೆ ಹಳ್ಳಿಕಾರ್ ತಳಿ ಸಾಕುವವರೂ ಇರೋದಿಲ್ಲ.

ಏನು ಮಾಡಬಹುದು?

ದೆಹಲಿಯ ಮಸೂದೆಗೆ ಕಾಯಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು ಎಂದು 2001ರ ನಿಯಮವೇ ಹೇಳಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಾತ್ರೆಗೆ ಮುಂಚಿನ ಸಭೆಯಲ್ಲಿ ದೇವಸ್ಥಾನ, ಪಶುಪಾಲನಾ ಇಲಾಖೆ, ಆರ್‌ಟಿಒ, ಪೊಲೀಸರನ್ನು ಒಟ್ಟಿಗೆ ಕೂರಿಸಿ ನಾಲ್ಕು ಕೆಲಸ ಒಪ್ಪಿಸಿದರೆ ಸಾಕು. ಗಾಡಿಗೆ ದನ ಹತ್ತಿಸಲು ಮಣ್ಣಿನ ದಿಬ್ಬ. ಜಾತ್ರೆ ಮೈದಾನದುದ್ದಕ್ಕೂ ನೀರಿನ ತೊಟ್ಟಿ. ಪ್ರಮಾಣಪತ್ರ ಕೊಡಲು ಸ್ಥಳದಲ್ಲೇ ಪಶುವೈದ್ಯರು. ಹೊರಡುವ ಪ್ರತಿ ಗಾಡಿಯ ದನ ಎಣಿಸಲು ಒಂದು ಗೇಟು. ದಿಬ್ಬ ಹಾಕಲು ಜೆಸಿಬಿಗೆ ಬೇಕಾಗೋದು ಸ್ವಲ್ಪ ಹೊತ್ತು ಮಾತ್ರ.

ದಂಡ 50 ರೂಪಾಯಿಯೇ ಇರಲಿ, ಎಂಟು ದನ ತುಂಬಿದ ಗಾಡಿಯನ್ನು ಗೇಟಿನಲ್ಲೇ ನಿಲ್ಲಿಸಿ ಎರಡನ್ನು ಇಳಿಸಿದರೆ ಆ ಎರಡಕ್ಕೂ, ಉಳಿದ ಆರಕ್ಕೂ ನೋವು ತಪ್ಪುತ್ತೆ. ಕೇಸು ಹಾಕಿ ವರ್ಷಗಟ್ಟಲೆ ಕೋರ್ಟು ಅಲೆದರೂ ಅಷ್ಟು ಉಪಕಾರ ಆಗೋದಿಲ್ಲ.

ಓದುಗರೂ ಕೈಜೋಡಿಸಬಹುದು. ಗಾಯಗೊಂಡ, ಕಾಯಿಲೆ ಬಿದ್ದ ದನ ಕಂಡರೆ 1962ಕ್ಕೆ ಕರೆ ಮಾಡಿ. ಕಿಕ್ಕಿರಿದು ತುಂಬಿದ ಗಾಡಿ ಕಂಡರೆ ನೀವೇ ಅಡ್ಡಗಟ್ಟಿ ಜಗಳಕ್ಕಿಳಿಯಬೇಡಿ, ಗಾಡಿ ನಂಬರ್ ಬರೆದುಕೊಂಡು 112ಕ್ಕೆ ತಿಳಿಸಿ.