ಬಣ್ಣ ಬಳಿದರೆ ಬೆಲೆ ಬರುತ್ತಾ? ಮೊದಲು ಮಾಳಿಗೆ ಹತ್ತಿ ನೋಡಿ ಸ್ವಾಮಿ!

ದಾವಣಗೆರೆ: ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಊರಿನ ಗೋಡೆಗಳಿಗೆ ಯೋಗ ಕೂಡಿ ಬರುತ್ತದೆ. ಬೀಗರು ಬರುತ್ತಾರೆ, ನೆಂಟರು ಬರುತ್ತಾರೆ, ಹಳೇಪೇಟೆಯಿಂದ ಹಿಡಿದು ನಿಟುವಳ್ಳಿ ತನಕ ಮನೆಮನೆಗೂ ಬಣ್ಣ. ಗುಲಾಬಿ, ತಿಳಿಹಸಿರು, ಈಗೀಗ ಆ ಬೂದಿ ಬಣ್ಣ ಬೇರೆ. ಎದುರಿನ ಗೋಡೆಗೆ ಗ್ರಾನೈಟು ಮೆತ್ತಿಸಿದವರೂ ಉಂಟು. ರಸ್ತೆಯಲ್ಲಿ ಹೋಗುವವರು ನಿಂತು ನೋಡಬೇಕು, ಅಷ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಳಗೆ ಹೋಗಿ ನೋಡಿದರೆ ಬೇರೆಯೇ ಕಥೆ. ಮಲಗುವ ಕೋಣೆಯ ಮೂಲೆಯಲ್ಲಿ ಭೂಪಟದಂಥ ಕಲೆ. ದೇವರ ಕೋಣೆಯ ಗೋಡೆಯಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಬಚ್ಚಲ ಹಿಂದಿನ ಗೋಡೆಯಲ್ಲಿ ಬಿಳೀ ಉಪ್ಪು. ಯಜಮಾನರು ಕ್ಯಾಲೆಂಡರು ತಂದು ಕಲೆಯ ಮೇಲೆ ತೂಗು ಹಾಕಿರುತ್ತಾರೆ. ಕ್ಯಾಲೆಂಡರು ಕೊಟ್ಟ ಅಂಗಡಿಯವರಿಗೆ ಪುಕ್ಕಟೆ ಪ್ರಚಾರ!

ಮನೆ ಮಾರುವ ಯೋಚನೆ ಇಲ್ಲದವರಿಗೆ ಇದು ನಗೆಯ ವಿಷಯ. ಆದರೆ ಮಾರಲೇಬೇಕಾದ ಗಳಿಗೆ ಹೇಳಿ ಕೇಳಿ ಬರುವುದಿಲ್ಲ. ಮಗಳ ಮದುವೆ, ಆಸ್ಪತ್ರೆ ಬಿಲ್ಲು, ಅಣ್ಣತಮ್ಮಂದಿರ ಪಾಲು, ಅಂಗಡಿಯ ಸಾಲ. ಇಂಥ ಹೊತ್ತಿನಲ್ಲಿ ಬ್ರೋಕರ್ ಕರೆದುಕೊಂಡು ಬರುವ ಗಿರಾಕಿ ಒಬ್ಬನೇ ಬರುವುದಿಲ್ಲ, ಪರಿಚಯದ ಗೌಂಡಿಯೊಬ್ಬನನ್ನು ಜತೆಗೆ ತರುತ್ತಾನೆ. ಗೌಂಡಿ ಗ್ರಾನೈಟು ನೋಡುವುದಿಲ್ಲ. ಕ್ಯಾಲೆಂಡರು ಎತ್ತುತ್ತಾನೆ!

'ಏನ್ ಯಜಮಾನ್ರೇ, ಮಾಳಿಗೆ ಪೂರಾ ಹೋಗೇತಲ್ರೀ. ಇದನ್ನ ಸರಿ ಮಾಡ್ಸಾಕೇ ಲಕ್ಷಗಟ್ಲೆ ಬೇಕು' ಅನ್ನುತ್ತಾನೆ. ಪೂರಾ ಹೋಗಿರುವುದಿಲ್ಲ. ಬಹಳಷ್ಟು ಸಲ ಅದು ಒಂದು ಕೂದಲೆಳೆ ಬಿರುಕು, ಇಲ್ಲವೇ ಎಲೆ ಕಸ ತುಂಬಿ ಕಟ್ಟಿಕೊಂಡ ಹರನಾಳ. ಆದರೆ ದುಡ್ಡಿನ ಅವಸರ ಇರುವ ಮನೆಯವರಿಗೆ ವಾದ ಮಾಡುವ ತ್ರಾಣ ಎಲ್ಲಿ? ಕೆಲವು ಸಾವಿರದ ಕೆಲಸಕ್ಕೆ ಲಕ್ಷ, ಎರಡು ಲಕ್ಷ ಇಳಿಸಿ ಕೈಮುಗಿಯುತ್ತಾರೆ. ಗಿರಣಿಯಲ್ಲಿ ಪಾಳಿ ಮೇಲೆ ಪಾಳಿ ದುಡಿದು ಒಬ್ಬರು ಕಟ್ಟಿದ ಮನೆಯ ಬೆಲೆ ಒಂದು ಒದ್ದೆ ಕಲೆಯಲ್ಲಿ ಕರಗಿ ಹೋಗುತ್ತದೆ.

ಕೊಳ್ಳುವವನನ್ನು ದೂರಿ ಫಲವಿಲ್ಲ. ಅವನ ಮೇಲೂ ಭಾರ ಏರಿದೆ. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆ ಪರಿಷ್ಕರಣೆ ಆಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1 ಇದ್ದದ್ದು 2 ಆಯಿತು. ಆ ದುಡ್ಡನ್ನು ಅವನು ಎಲ್ಲಾದರೂ ಕಿತ್ತುಕೊಳ್ಳಬೇಕಲ್ಲ, ಮಾರುವವನ ಗೋಡೆಯಿಂದಲೇ ಕೀಳುತ್ತಾನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನಲ್ಲಿ ಮನೆಯ ಬೆಲೆಯಲ್ಲಿ ದೊಡ್ಡ ಪಾಲು ನಿವೇಶನದ್ದು. ಬ್ಯಾಂಕಿನಿಂದ ಬರುವ ಮೌಲ್ಯಮಾಪಕರು ಜಾಗಕ್ಕೆ ಒಂದು ಲೆಕ್ಕ ಹಾಕುತ್ತಾರೆ, ಕಟ್ಟಡಕ್ಕೆ ಅದರ ವಯಸ್ಸು ನೋಡಿ ಸವಕಳಿ ಕಳೆದು ಇನ್ನೊಂದು ಲೆಕ್ಕ ಹಾಕುತ್ತಾರೆ. ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಜಾಗದ ದರ ಒಂದು ಪೈಸೆ ಏರುವುದಿಲ್ಲ. 'ಮನೆಗೆ ಐದು ಲಕ್ಷ ಹಾಕಿದೀನಿ, ಹತ್ತು ಲಕ್ಷ ಜಾಸ್ತಿ ಬರ್ತದೆ' ಎಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಲೆಕ್ಕ ಹೇಳುವವರ ಮಾತು ನಂಬಬೇಡಿ. ಸಣ್ಣ ಕೆಲಸಗಳಿಂದ ಸಿಗುವ ಲಾಭ ಬೇರೆ ಥರದ್ದು. ಕೊಳ್ಳುವವನಿಗೆ ಚೌಕಾಸಿ ಮಾಡಲು ನೆಪ ಸಿಗುವುದಿಲ್ಲ, ಬಾಡಿಗೆದಾರ ಎರಡನೇ ತಿಂಗಳಿಗೇ ಗಂಟು ಕಟ್ಟುವುದಿಲ್ಲ.

ಆ ಸಣ್ಣ ಕೆಲಸ ಶುರುವಾಗಬೇಕಾದದ್ದು ತಲೆಯ ಮೇಲಿನಿಂದ. ಒಂದು ಭಾನುವಾರ ಪೊರಕೆ, ಬಕೆಟ್ಟು ಹಿಡಿದು ತಾರಸಿ ಹತ್ತಬೇಕು. ಮುರಿದ ಕುರ್ಚಿ, ಹಳೇ ಟೈರು, ಮನೆ ಕಟ್ಟಿದಾಗ ಉಳಿದ ಜಲ್ಲಿ, ಎಲ್ಲವನ್ನೂ ತೆಗೆಯಬೇಕು. ಅದರ ಕೆಳಗೇ ನೀರು ನಿಂತು ತಾರಸಿಯನ್ನು ತಿನ್ನುವುದು. ಹರನಾಳದ ಬಾಯಿ ಬಿಡಿಸಿ ಅದಕ್ಕೊಂದು ಜಾಲರಿ ಕೂರಿಸಬೇಕು. ಆರ್‌ಸಿಸಿ ಗಟ್ಟಿಯಾಗಿದ್ದರೆ ಪರೀಕ್ಷೆ ಸುಲಭ. ಹರನಾಳಕ್ಕೆ ಬಟ್ಟೆ ತುರುಕಿ, ಎರಡು ಬೆರಳಷ್ಟು ನೀರು ಒಂದು ದಿನ ಪೂರಾ ನಿಲ್ಲಿಸಿ, ಕೆಳಗೆ ಎಲ್ಲಿ ಒದ್ದೆಯಾಗುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಕೆಳಗಿನಿಂದ ಗಾರೆ ಉದುರಿ ಕಬ್ಬಿಣ ಕಾಣುತ್ತಿದ್ದರೆ ಮಾತ್ರ ಈ ಸಾಹಸ ಬೇಡ, ಎಂಜಿನಿಯರನ್ನೇ ಕರೆಯಬೇಕು. ಮಣ್ಣಿನ ಮಾಳಿಗೆಗೂ ಇದು ಸಲ್ಲ.

ಬಿರುಕು ಸಿಕ್ಕಿತು ಅನ್ನಿ. ಮೇಲೆ ಸಿಮೆಂಟಿನ ಹಾಲು ಸುರಿದರೆ ಮುಚ್ಚಿತು ಎಂದುಕೊಳ್ಳುವವರೇ ಹೆಚ್ಚು. ಅದು ಬಿಸಿಲಿಗೆ ಒಣಗಿ ಹಪ್ಪಳವಾಗಿ ಮುಂದಿನ ಬೇಸಿಗೆಗೇ ಎದ್ದು ಬರುತ್ತದೆ. ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲ ಮಾಡಿ, ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ಊದಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಬೇಕು. ಅದರ ಮೇಲೆ ಜಾಲರಿ ಬಟ್ಟೆ ಅಂಟಿಸಿ, ಇಡೀ ತಾರಸಿಗೆ ನೀರು ತಡೆಯುವ ಲೇಪ ಎರಡು ಸಲ. ಡಬ್ಬಿಯ ಮೇಲೆ ಒಣಗಲು ಎಷ್ಟು ಹೊತ್ತು ಎಂದು ಬರೆದಿರುತ್ತದೆ, ಅಷ್ಟು ಹೊತ್ತು ಕಾಯಬೇಕು. ಕಾಯುವ ತಾಳ್ಮೆ ಇಲ್ಲದ್ದರಿಂದಲೇ ಅರ್ಧ ಕೆಲಸ ಕೆಡುವುದು. ಮುಖ್ಯವಾಗಿ ತಾರಸಿ ಒಣಗಿರಬೇಕು. ಮಳೆ ಶುರುವಾದ ಮೇಲೆ ಡಬ್ಬಿ ಕೊಂಡರೆ ದುಡ್ಡು ಹರನಾಳದ ಪಾಲು.

ಹಂಚಿನ ಮನೆಯವರು ಇದರಲ್ಲಿ ಪುಣ್ಯವಂತರು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ಹಾಕಿ ಮಾಡಿಕೊಟ್ಟ ಹಂಚಿನ ಗುಣವೇ ಅದು. ಒಂದು ಒಡೆದರೆ ಒಂದನ್ನೇ ಬದಲಾಯಿಸಿದರೆ ಸಾಕು. ಕೋತಿ ಕಾಟಕ್ಕೆ ಮಾತ್ರ ಬಾಸೆಲ್ಲಿನವರಲ್ಲೂ ಮದ್ದಿರಲಿಲ್ಲ.

ಇನ್ನು ಸುಣ್ಣದ ವಿಚಾರ. ಸುಣ್ಣ ಎಂದರೆ ಬಡವರ ಬಣ್ಣ ಎಂದು ಮೂಗು ಮುರಿಯುವ ಕಾಲ ಇದು. ಆದರೆ ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಆರ್‌ಸಿಸಿ ಮನೆಯಲ್ಲಿ ಮಧ್ಯಾಹ್ನ ಮಲಗಿ ನೋಡಿ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಹೊಡೆಯುತ್ತದೆ. ತಾರಸಿಗೆ ಬೆಳ್ಳಗೆ ಸುಣ್ಣ ಹೊಡೆದರೆ ಬಿಸಿಲು ಹಿಂದಕ್ಕೆ ಹೊಳೆದು, ಕೋಣೆ ಎರಡರಿಂದ ಐದು ಡಿಗ್ರಿ ತಣ್ಣಗಾಗುತ್ತದೆ ಎಂಬುದು ಈಗ ಸರ್ಕಾರಗಳೇ ಒಪ್ಪಿದ ಮಾತು. ಅಹಮದಾಬಾದಿನಲ್ಲಿ 2017ರಲ್ಲಿ ಬಡವರ ಬಡಾವಣೆಗಳ ಮಾಳಿಗೆಗಳಿಗೆ ಬಿಳಿ ಬಳಿಸುವ ಕೆಲಸ ಶುರುವಾಯಿತು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ಹೊರಡಿಸಿತು. ಇಲ್ಲಿ ಅಜ್ಜ ಅಜ್ಜಿಯರು ನೀತಿ ಗೀತಿ ಇಲ್ಲದೆ ಮಾಡುತ್ತಿದ್ದ ಕೆಲಸ!

ಮಾಡುವ ಬಗೆಯೂ ಕಷ್ಟದ್ದಲ್ಲ. ಸುಣ್ಣದ ಕಲ್ಲನ್ನು ಹಳೇ ಡ್ರಮ್ಮಿನಲ್ಲಿ ನೀರಿಗೆ ಹಾಕಿ ಅರಳಿಸಿ ಒಂದು ರಾತ್ರಿ ಬಿಡಬೇಕು. ಕೆ.ಜಿ.ಗೆ ಸುಮಾರು ಐದು ಲೀಟರ್ ನೀರಿನ ಲೆಕ್ಕದಲ್ಲಿ ತಿಳಿ ಮಾಡಿ, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಬೇಕು. ತಾರಸಿಯನ್ನು ತೊಳೆದು, ಒದ್ದೆ ಇರುವಾಗಲೇ, ಬಿಸಿಲು ಇಳಿದ ಮೇಲೆ ತೆಳ್ಳಗೆ ಮೂರು ಸಲ. ದಪ್ಪಗೆ ಒಂದೇ ಸಲ ಮೆತ್ತಿದರೆ ಪುಡಿಯಾಗಿ ಉದುರುತ್ತದೆ. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಬೇಕೇ ಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು. ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ ನಿಜ, ಪ್ರತಿ ಬೇಸಿಗೆ ಮತ್ತೆ ಬಳಿಯಬೇಕು. ಸುಣ್ಣ ಶಾಖ ತಡೆಯುತ್ತದೆ, ಸೋರುವುದನ್ನು ತಡೆಯುವುದಿಲ್ಲ, ಇದೂ ನೆನಪಿರಲಿ. ಬಿರುಕಿನ ಮೇಲೆ ಸುಣ್ಣ ಬಳಿದರೆ ಬೆಳ್ಳಗೆ ಸೋರುತ್ತದೆ, ಅಷ್ಟೆ.

ನೀರಿನ ಲೆಕ್ಕವನ್ನೂ ಅಲ್ಲೇ ನಿಂತು ಮಾಡಬಹುದು. ಸಾವಿರ ಚದರ ಅಡಿ ತಾರಸಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 55,000 ಲೀಟರಿಗೂ ಮೇಲೆ. ಸಾವಿರ ಲೀಟರಿನ ಟ್ಯಾಂಕು ಐವತ್ತೈದು! ಅರ್ಧ ಹಿಡಿದರೂ ಸಾಕು. ಹರನಾಳದ ಪೈಪನ್ನು ಜಲ್ಲಿ ಮರಳು ತುಂಬಿದ ಡ್ರಮ್ಮಿನ ಮೂಲಕ ತೊಟ್ಟಿಗೆ ತಿರುಗಿಸಿದರೆ ಆಯಿತು, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು. ನಲ್ಲಿ ನೀರಿಗೆ ದಿನ ಎಣಿಸುವ ಊರಿನಲ್ಲಿ ತುಂಬಿದ ತೊಟ್ಟಿ ತೋರಿಸಿದರೆ ಮನೆ ನೋಡಲು ಬಂದ ಹೆಂಗಸರು ಗ್ರಾನೈಟಿನ ಕಡೆ ತಿರುಗಿಯೂ ನೋಡುವುದಿಲ್ಲ.

ಗೋಡೆಯ ತೇವಕ್ಕೆ ಎಣ್ಣೆ ಬಣ್ಣ ಬಳಿಯುವುದು ಗಾಯಕ್ಕೆ ಪೌಡರ್ ಹಚ್ಚಿದ ಹಾಗೆ. ನೀರು ಒಳಗೇ ಸಿಕ್ಕಿಕೊಂಡು ಇನ್ನೂ ಮೇಲಕ್ಕೆ ಹತ್ತುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಹಿಂದೆ ಹನಿ ಇದ್ದರೆ ನೀರು ಗೋಡೆಯೊಳಗಿನದು. ಮುಂದೆ ಇದ್ದರೆ ಕೋಣೆಗೆ ಗಾಳಿ ಸಾಲದು, ಕಿಟಕಿ ತೆಗೆದರೆ ಅರ್ಧ ರೋಗ ವಾಸಿ. ಗೋಡೆಯೊಳಗಿನದಾದರೆ ಮೂಲ ಹುಡುಕಬೇಕು. ಬಚ್ಚಲ ಪೈಪು, ಟ್ಯಾಂಕಿನ ಕೊಳಾಯಿ, ಗೋಡೆಗೆ ಒರಗಿಸಿ ಪೇರಿಸಿದ ಮಣ್ಣು, ಹೂವಿನ ಪಾತಿ. ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಮತ್ತೆ ಗೋಡೆಯೇ ಕುಡಿಯುತ್ತದೆ.

ಆದರೆ ಎಷ್ಟೋ ಮನೆಗಳಲ್ಲಿ ತೇವದ ಮೂಲ ಮನೆಯೊಳಗೆ ಇಲ್ಲವೇ ಇಲ್ಲ. ಅದು ಬಾಗಿಲ ಮುಂದಿನ ರಸ್ತೆಯಲ್ಲಿದೆ! ರಾಜ್ಯದ ಯಾವ ಊರಿಗೆ ಹೋದರೂ ಇದೇ ಗೋಳು. ಹಳೇ ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಮಳೆ ನೀರು ಚರಂಡಿ ಬಿಟ್ಟು ಹೊಸ್ತಿಲಿಗೆ ಬರುತ್ತದೆ, ಅಂಗಡಿಯ ಶಟರಿನಡಿಯಿಂದ ನುಗ್ಗಿ ಅಕ್ಕಿ ಮೂಟೆ ನೆನೆಸುತ್ತದೆ. ಮನೆಯವರು ಭಾನುವಾರ ಭಾನುವಾರ ಬೆವರು ಸುರಿಸಿ ಉಳಿಸಿದ ಬೆಲೆಯನ್ನು ಗುತ್ತಿಗೆದಾರ ಒಂದು ರಾತ್ರಿಯಲ್ಲಿ ಹೂಳುತ್ತಾನೆ. ತಮಿಳುನಾಡಿನಲ್ಲಿ 2021ರಲ್ಲಿ ಮುಖ್ಯ ಕಾರ್ಯದರ್ಶಿಗಳೇ ಹಳೇ ಪದರ ಕೆರೆದು ತೆಗೆದ ಮೇಲೆಯೇ ಹೊಸ ಡಾಂಬರು ಹಾಕಬೇಕು, ಮನೆಗಳು ತಗ್ಗಿಗೆ ಬೀಳಬಾರದು ಎಂದು ಸೂಚನೆ ಕೊಟ್ಟರು. ಇಲ್ಲಿಯೂ ರಸ್ತೆ ಕಾಮಗಾರಿಯ ಭೂಮಿಪೂಜೆಗೆ ಬಂದವರನ್ನು ತೆಂಗಿನಕಾಯಿ ಒಡೆಯುವ ಮೊದಲೇ ಓಣಿಯವರು ಕೇಳಬೇಕಾದ ಪ್ರಶ್ನೆ ಒಂದೇ: 'ಸಾಹೇಬ್ರೇ, ರಸ್ತೆ ಎಷ್ಟು ಇಂಚು ಮೇಲೆ ಬರ್ತೈತಿ?'

ಉಳಿದ ಕೆಲಸಗಳು ಚಿಲ್ಲರೆ. ತುಕ್ಕು ಹಿಡಿದ ಗ್ರಿಲ್ಲನ್ನು ಎಮರಿ ಪೇಪರಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದ ಮೇಲೆಯೇ ಬಣ್ಣ ಹಚ್ಚಬೇಕು. ತೊಟ್ಟಿಕ್ಕುವ ನಲ್ಲಿಗೆ ವಾಷರ್, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ. ಹಳೇ ಮನೆಯ ಕೆಂಪು ಆಕ್ಸೈಡ್ ನೆಲವನ್ನು ಒಡೆದು ಟೈಲ್ಸ್ ಹಾಕಿಸುವ ಹುಚ್ಚು ಬೇಡ. ಬೆಂಗಳೂರಿನಲ್ಲಿ ಈಗ ಹೊಸ ಮನೆಗೂ ಅಂಥ ನೆಲ ಬೇಕೆಂದು ಕೆಲಸಗಾರರನ್ನು ಹುಡುಕುತ್ತಿದ್ದಾರೆ. ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಬಟ್ಟೆಯಲ್ಲಿ ತಿಕ್ಕಿದರೆ ಹೊಳೆಯುತ್ತದೆ, ಜಾರದಂತೆ ಒರೆಸಿಬಿಡಬೇಕು. ವಿದ್ಯುತ್ ವೈರಿಂಗಿಗೆ ಮಾತ್ರ ಕೈ ಹಾಕಬಾರದು. ಭಾರ ಹೊತ್ತ ಗೋಡೆ ಒಡೆದು ಹಾಲ್ ದೊಡ್ಡದು ಮಾಡುವ ಸಾಹಸವೂ ಬೇಡ.

ತಾರಸಿಯ ಮೇಲೆ ಪರವಾನಗಿ ಇಲ್ಲದೆ ಒಂದು ಕೋಣೆ ಏರಿಸಿ 'ಬಾಡಿಗೆ ಬರ್ತದೆ' ಎಂದು ಹಿಗ್ಗುವವರು ಬಹಳ. ಮಾರುವ ದಿನ ಬ್ಯಾಂಕಿನವರು ನಕ್ಷೆ ಕೇಳುತ್ತಾರೆ, ಆ ಕೋಣೆಯೇ ಸಾಲಕ್ಕೆ ಅಡ್ಡಗಾಲಾಗುತ್ತದೆ. ಅದಕ್ಕಿಂತ ದೊಡ್ಡದು ಖಾತೆಯ ವಿಚಾರ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಪಟ್ಟಣದ ಆಸ್ತಿಯ ನೋಂದಣಿ ಇಲ್ಲ. ಪಂಚಾಯ್ತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ದಾಖಲೆ ಬೇಕು. ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದು, ಅಳತೆಯೂ ಹೆಸರಿನ ಅಕ್ಷರವೂ ತಪ್ಪಾಗಿರುವ ಮನೆಗಳಿಗೆ ಯಾವ ಬಣ್ಣವೂ ಗಿರಾಕಿ ತರುವುದಿಲ್ಲ. ಕಂದಾಯದ ರಸೀತಿ, ಕ್ರಯಪತ್ರ, ಋಣಭಾರ ಪತ್ರ ಒಂದು ಫೈಲಿನಲ್ಲಿ ಜೋಡಿಸಿಡುವುದಕ್ಕೆ ಗೌಂಡಿಯೂ ಬೇಡ, ಸುಣ್ಣವೂ ಬೇಡ. ಅವಸರ ಇಲ್ಲದ ಕಾಲದಲ್ಲೇ ಒಂದು ದಿನ ರಜೆ ಹಾಕಿ ಕಚೇರಿಗೆ ಹೋಗಬೇಕು. ಒಂದೇ ದಿನಕ್ಕೆ ಆಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು, ಅದು ಬೇರೆ ಮಾತು.

ಯುಗಾದಿ ಕಳೆದ ಮೇಲೆ ಮೃಗಶಿರ ಮಳೆ ಬೀಳುವ ತನಕ ಸಿಗುವ ಒಣ ಭಾನುವಾರಗಳು ಎಂಟೋ ಹತ್ತೋ. ಅದರಲ್ಲಿ ಮದುವೆ ಮುಂಜಿಗೆ ಅರ್ಧ ಹೋಗುತ್ತವೆ. ಹಾರ್ಡ್‌ವೇರ್ ಅಂಗಡಿಯವರ ಮಾತು ಕೇಳಿದರೆ ತಾರಸಿ ಲೇಪದ ಡಬ್ಬಿಗೆ ಜನ ಮುಗಿಬೀಳುವುದು ಮಾತ್ರ ಜೂನ್ ತಿಂಗಳಲ್ಲಿ, ಕೊಡೆ ಹಿಡಿದುಕೊಂಡು.