ಹಂದಿಗೋಡಿಗೆ ಮತ್ತೊಂದು ಸರ್ವೆ ಸಾಲದು, ಚಿಕಿತ್ಸೆ ಬೇಕು

ಸಾಗರ ತಾಲ್ಲೂಕಿನ ಹಂದಿಗೋಡು ಅಡಿಕೆ ತೋಟ, ಗದ್ದೆ, ಕಾಡುಗಳ ನಡುವಿನ ಚಿಕ್ಕ ಊರು. ಆದರೂ ಮೂಳೆ, ಕೀಲುಗಳ ಕಾಯಿಲೆ ಕುರಿತ ವೈದ್ಯಕೀಯ ಬರಹಗಳಲ್ಲಿ ಅದರ ಹೆಸರು ದಶಕಗಳಿಂದ ನೆಲೆಸಿದೆ. 1974–75ರ ಸುಮಾರಿಗೆ ಇಲ್ಲಿನ ಕೂಲಿಕಾರ ಕುಟುಂಬಗಳಲ್ಲಿ ಒಂದು ಬಗೆಯ ಕೀಲುನೋವು ವೈದ್ಯರ ಗಮನಕ್ಕೆ ಬಂತು. ಮೊದಲು ಸೊಂಟ ಹಿಡಿಯುತ್ತದೆ, ಆಮೇಲೆ ಮಂಡಿ. ನಡಿಗೆ ವಾಲುತ್ತದೆ, ಕೈಗೆ ಕೋಲು ಬರುತ್ತದೆ. ಕಾಯಿಲೆ ತೀವ್ರವಾದವರು ಕೈಯೂರಿ ತೆವಳುತ್ತಾರೆ. ಕೆಲವರ ಬೆಳವಣಿಗೆಯೇ ನಿಂತು ದೇಹ ಗಿಡ್ಡವಾಗಿ ಉಳಿಯುತ್ತದೆ. ಇದೆಲ್ಲ ಮುಪ್ಪಿನಲ್ಲಿ ಬರುವುದಲ್ಲ, ಎಷ್ಟೋ ಮಂದಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಶುರುವಾಗುತ್ತದೆ. ಇದೇ ಕಾಯಿಲೆ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲೂ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಪತ್ತೆಯಾಯಿತು.

ಮೊದಲ ಅನುಮಾನ ಗದ್ದೆಯ ಏಡಿಯ ಮೇಲೆ ಬಿತ್ತು. ಹಸಿರು ಕ್ರಾಂತಿಯ ಜೊತೆಗೆ ಗದ್ದೆಗೆ ಕೀಟನಾಶಕ ಬಂತು, ಆ ಗದ್ದೆಯ ಏಡಿ, ಮೀನು ತಿಂದವರ ಕೀಲಿಗೆ ವಿಷ ಸೇರಿತು ಎಂಬ ವಾದ ಎಲ್ಲೆಡೆ ಹಬ್ಬಿತು. ಕೇಳಿದವರಿಗೆ ಅದು ಸಹಜವಾಗಿಯೇ ಕಾಣುತ್ತಿತ್ತು. ಆದರೆ ಅದೇ ಹಳ್ಳಿಗಳಲ್ಲಿ, ಅದೇ ನೀರು ಕುಡಿದು ಬದುಕುವ ಉಳಿದವರಿಗೆ ಕಾಯಿಲೆ ಇರಲಿಲ್ಲ. ಚನ್ನಂಗಿ ಮತ್ತು ಛಲವಾದಿ ಎಂಬ ಎರಡು ದಲಿತ ಸಮುದಾಯಗಳ ಕೆಲವು ಮನೆತನಗಳಲ್ಲಿ ಮಾತ್ರ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು 1977ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯಲ್ಲೇ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಕರೆದರು.

ಉತ್ತರ ಸ್ಪಷ್ಟವಾದದ್ದು ತೊಂಬತ್ತರ ದಶಕದಲ್ಲಿ. ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ಈ ಕುಟುಂಬಗಳ ಎಕ್ಸ್‌ರೇಗಳನ್ನು ಪರೀಕ್ಷಿಸಿ 1994ರಲ್ಲಿ ವರದಿ ಪ್ರಕಟಿಸಿದರು. ಮೂಳೆಯ ತುದಿಗಳೂ ಬೆನ್ನುಮೂಳೆಯೂ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಳ್ಳದ ಆನುವಂಶಿಕ ತೊಂದರೆ ಇದು. ರೂಪ ಕೆಟ್ಟ ಕೀಲು ಬೇಗ ಸವೆಯುತ್ತದೆ. ಎಪ್ಪತ್ತರಲ್ಲಿ ಕಾಣಬೇಕಾದ ಸವೆತ ಇಪ್ಪತ್ತೈದರಲ್ಲೇ ಕಾಣಬಹುದು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಗಂಡು, ಹೆಣ್ಣು ಎಂಬ ಭೇದವಿಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ ಹರಡುವುದಂತೂ ಇಲ್ಲವೇ ಇಲ್ಲ.

ಇಷ್ಟು ತಿಳಿದು ಮೂರು ದಶಕ ಕಳೆದ ಮೇಲೂ ಹಂದಿಗೋಡು ಸುದ್ದಿಯಾದಾಗಲೆಲ್ಲ ‘ನಿಗೂಢ ಕಾಯಿಲೆ’ ಎಂದೇ ಬರೆಯುವುದು ನ್ಯಾಯವಲ್ಲ. ನಿಗೂಢ ಎಂದರೆ ಯಾರೂ ಏನೂ ಮಾಡಲಾರರು ಎಂದಾಗುತ್ತದೆ, ಮತ್ತೊಂದು ಸರ್ವೆ ಮಾಡಿದರೆ ಸರ್ಕಾರದ ಹೊಣೆ ಮುಗಿದಂತಾಗುತ್ತದೆ. ಈ ಜನ ಸಂಶೋಧನೆಗೆ ರಕ್ತ ಕೊಟ್ಟಿದ್ದಾರೆ, ಎಕ್ಸ್‌ರೇ ಯಂತ್ರದ ಮುಂದೆ ಮಲಗಿದ್ದಾರೆ. ಅವರ ಸಹಕಾರದಿಂದ ಪ್ರಬಂಧಗಳು ಬಂದಿವೆ. ಅದಕ್ಕೆ ಪ್ರತಿಯಾಗಿ ನಿಯಮಿತ ಚಿಕಿತ್ಸೆ ಅವರ ಊರಿನ ಹತ್ತಿರಕ್ಕೆ ಬರಬೇಕಿತ್ತು. ಸಾಗರದ ಅರಳಗೋಡಿನಲ್ಲಿ 2019ರಲ್ಲಿ ಮಂಗನಕಾಯಿಲೆ ಜೀವ ತೆಗೆದಾಗ ಇಡೀ ರಾಜ್ಯ ಇತ್ತ ತಿರುಗಿ ನೋಡಿತು, ನೋಡಲೇಬೇಕಿತ್ತು. ಕೊಲ್ಲದೆ ಜೀವನಪೂರ್ತಿ ನೆಲಕ್ಕೆ ಕೂರಿಸುವ ಕಾಯಿಲೆಗೂ ಅಷ್ಟೇ ಗಮನ ಸಲ್ಲಬೇಕು.

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಉತ್ತರದಲ್ಲಿ ಮ್ಸೆಲೆನಿ ಎಂಬ ಹಿಂದುಳಿದ ಪ್ರದೇಶವಿದೆ. ಅಲ್ಲಿಯೂ ಸೊಂಟದ ಕೀಲನ್ನು ಕಿರಿಯ ವಯಸ್ಸಿನಲ್ಲೇ ಹಾಳುಮಾಡುವ ಕೌಟುಂಬಿಕ ಕಾಯಿಲೆ 1970ರ ಹೊತ್ತಿಗೆ ಬೆಳಕಿಗೆ ಬಂತು. ಅದು ಹಂದಿಗೋಡಿನ ಕಾಯಿಲೆಯನ್ನು ಎಷ್ಟು ಹೋಲುತ್ತದೆಂದರೆ, ಎರಡೂ ಒಂದೇ ಇರಬಹುದೇ ಎಂದು ವಿಜ್ಞಾನಿಗಳು 1997ರಲ್ಲಿ ಪ್ರಶ್ನಿಸಿದರು. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಅಲ್ಲಿನ ಗ್ರಾಮೀಣ ಆಸ್ಪತ್ರೆಯಲ್ಲೇ ಸೊಂಟದ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆಗಳು ನಡೆದಿವೆ. ಮ್ಸೆಲೆನಿಯಲ್ಲಿ ಆದದ್ದು ಮಲೆನಾಡಿನಲ್ಲಿ ಆಗಬಾರದೆಂದೇನಿಲ್ಲ.

ವಂಶವಾಹಿಯನ್ನು ತಿದ್ದುವ ಔಷಧ ಇಂದಿಗೂ ಇಲ್ಲ, ನಿಜ. ಆದರೆ ನೋವನ್ನು ತಗ್ಗಿಸಬಹುದು, ನಡಿಗೆಯನ್ನು ಉಳಿಸಬಹುದು. ತೊಡೆ, ಸೊಂಟದ ಸ್ನಾಯು ಗಟ್ಟಿಯಾದಷ್ಟೂ ಕೀಲಿನ ಮೇಲಿನ ಹೊರೆ ಇಳಿಯುತ್ತದೆ. ಅದಕ್ಕೆ ಫಿಸಿಯೋಥೆರಪಿ ಬೇಕು, ಅದೂ ಒಂದು ದಿನದ ಶಿಬಿರದಲ್ಲಲ್ಲ, ತಿಂಗಳುಗಟ್ಟಲೆ. ಒಂದೇ ಕಡೆಯ ಸೊಂಟ ನೋಯುತ್ತಿದ್ದರೆ ಕೋಲು ಹಿಡಿಯಬೇಕಾದದ್ದು ಎದುರು ಬದಿಯ ಕೈಯಲ್ಲಿ. ಹೇಳಿಕೊಡುವವರಿಲ್ಲದೆ ನೋಯುವ ಬದಿಯಲ್ಲೇ ಕೋಲೂರಿ ವರ್ಷಗಟ್ಟಲೆ ನಡೆಯುವವರಿದ್ದಾರೆ. ಕೀಲು ಬದಲಾವಣೆಯನ್ನು ಯಾವಾಗ ಮಾಡಬೇಕೆಂಬುದು ಸೂಕ್ಷ್ಮ ಪ್ರಶ್ನೆ. ಕೃತಕ ಕೀಲಿಗೂ ಆಯುಷ್ಯವಿದೆ, ಇಪ್ಪತ್ತೈದರಲ್ಲಿ ಹಾಕಿದರೆ ಮುಂದೆ ಮತ್ತೊಮ್ಮೆ ಬದಲಿಸಬೇಕಾಗಿ ಬರಬಹುದು. ಹಾಗೆಂದು ಮುಂದೂಡುತ್ತಾ ಹೋದರೆ ದುಡಿಯುವ ವಯಸ್ಸೇ ಮುಗಿದಿರುತ್ತದೆ. ಈ ಲೆಕ್ಕಾಚಾರವನ್ನು ರೋಗಿಯೊಂದಿಗೆ ಕೂತು ಮಾಡಲು ಅವರನ್ನು ವರ್ಷಗಳಿಂದ ಬಲ್ಲ ವೈದ್ಯರೇ ಬೇಕು.

ಇಂಥ ವೈದ್ಯರು ತಾಲ್ಲೂಕು ಮಟ್ಟದಲ್ಲಿ ಸಿಕ್ಕರೆ ಲಾಭ ಹಂದಿಗೋಡಿನ ಕುಟುಂಬಗಳಿಗಷ್ಟೇ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕುಗಳಲ್ಲಿ ಗಂಟುನೋವಿಲ್ಲದ ಮನೆ ಸಿಗುವುದು ಕಷ್ಟ. ಎಲ್ಲಕ್ಕೂ ‘ವಾಯು’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವವರು ಬಹಳ. ಆದರೆ ಬೆಳಿಗ್ಗೆ ಎದ್ದಾಗ ಎರಡೂ ಕೈಯ ಬೆರಳ ಗೆಣ್ಣುಗಳು ಊದಿ, ಗಂಟೆ ಕಳೆದರೂ ಮುಷ್ಟಿ ಕಟ್ಟಲಾಗದಿದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ಕಾಯಿಲೆ ಅದು, ಆರಂಭದಲ್ಲೇ ಹಿಡಿದರೆ ಕೈ ಸೊಟ್ಟಗಾಗುವುದನ್ನು ತಡೆಯಬಹುದು. ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು, ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ರಾತ್ರಿ ಬೆಳಗಾಗುವುದರೊಳಗೆ ಕಾಲಿನ ಹೆಬ್ಬೆರಳು ಕೆಂಪಾಗಿ ಉರಿದರೆ ಯೂರಿಕ್ ಆಮ್ಲದ ಗೌಟ್ ಇರಬಹುದು. ನಡೆದಾಗ ನೋವು, ಕೂತರೆ ಸಮಾಧಾನ ಎಂಬಂಥ ಮಂಡಿನೋವು ಹೆಚ್ಚಾಗಿ ಸವೆತದ್ದು. ಅಲ್ಲಿ ಒಂದು ಕಿಲೋ ತೂಕ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ.

ಇವುಗಳನ್ನು ಬೇರ್ಪಡಿಸಿ ನೋಡುವವರಿಲ್ಲದ ಕಡೆ ನೋವಿನ ಮಾತ್ರೆಯೇ ವೈದ್ಯನಾಗುತ್ತದೆ. ಅದನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಸೋಲುತ್ತದೆ. ಇನ್ನೂ ಕೆಟ್ಟದ್ದು, ಒಳಗೇನಿದೆ ಎಂದು ಬರೆಯದ ಪುಡಿ, ಗುಳಿಗೆಗಳು. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಎರಡೇ ದಿನದಲ್ಲಿ ನೋವು ಮಾಯವಾದಂತೆ ಅನಿಸುತ್ತದೆ, ನಿಧಾನಕ್ಕೆ ಮುಖ ಊದುತ್ತದೆ, ಮೂಳೆ ಟೊಳ್ಳಾಗುತ್ತದೆ. ಸೊಂಟದ ಮೂಳೆಗೆ ರಕ್ತ ಪೂರೈಕೆ ನಿಂತು ಅದು ಕುಸಿದದ್ದೂ ಉಂಟು.

ಮಲೆನಾಡಿನ ದುಡಿಮೆ ಕೀಲಿಗೆ ಕಠಿಣ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ತಡರಾತ್ರಿವರೆಗೆ ಕೂತು ಸುಲಿಯಬೇಕು, ಮಳೆಯಲ್ಲಿ ಬಾಗಿ ನಾಟಿ ಮಾಡಬೇಕು, ಬೆಟ್ಟದಿಂದ ಸೊಪ್ಪಿನ ಹೊರೆ ಇಳಿಸಬೇಕು. ಕೆಲಸ ಬಿಡಿ ಎಂದು ಕೂಲಿಯವರಿಗೆ ಹೇಳುವುದು ಸಲಹೆಯೇ ಅಲ್ಲ. ಕೂರುವ ಜಾಗವನ್ನು ಎತ್ತರಿಸುವುದು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಬಚ್ಚಲಲ್ಲಿ ಹಿಡಿಕೆ ಜೋಡಿಸುವುದು, ಕುಕ್ಕರಗಾಲಿನ ಬದಲು ಕಮೋಡ್ ಹಾಕಿಸುವುದು ಆಗುವಂಥ ಕೆಲಸಗಳು. ಕೊನೆಯೆರಡಕ್ಕೆ ಪಂಚಾಯಿತಿಯ ನೆರವು ಸಿಗಬೇಕು.

ಇನ್ನು ಹಕ್ಕಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಚಲನವೈಕಲ್ಯವೂ ಕುಬ್ಜತೆಯೂ ಇವೆ. ಶೇ 40ಕ್ಕಿಂತ ಕಡಿಮೆಯಲ್ಲದ ವೈಕಲ್ಯ ಇರುವವರಿಗೆ ಕಾಯ್ದೆಯ ವಿಶೇಷ ಸೌಲಭ್ಯಗಳು ಸಿಗಬೇಕು. ತೆವಳುವವರನ್ನು ಪ್ರಮಾಣಪತ್ರಕ್ಕಾಗಿ ಜಿಲ್ಲಾಕೇಂದ್ರಕ್ಕೆ ಅಲೆಸದೆ ವೈದ್ಯರ ತಂಡವೇ ಅವರ ಹಳ್ಳಿಗೆ ಹೋಗಲಿ. ಇಂದು ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಉಳಿದವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಸೊಂಟ ಮಡಚಲಾಗದವರಿಗೆ ಆ ಬಸ್ ಪ್ರಯಾಣವೇ ದೊಡ್ಡ ಹಿಂಸೆ. ಮೆಗ್ಗಾನ್‌ಗೆ ಹೊಂದಿಕೊಂಡ ಶಿವಮೊಗ್ಗ ವೈದ್ಯವಿಜ್ಞಾನ ಸಂಸ್ಥೆಯ ಮೂಳೆ ತಜ್ಞರು, ಫಿಸಿಯೋಥೆರಪಿಸ್ಟರು ತಿಂಗಳಿಗೊಂದು ಗೊತ್ತಾದ ದಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗಳಿಗೆ ಬರುವಂತೆ ಮಾಡುವುದು ಸರ್ಕಾರಕ್ಕೆ ಅಸಾಧ್ಯವಾದ ಖರ್ಚೇನಲ್ಲ.

ಮಕ್ಕಳ ವಿಷಯದಲ್ಲಂತೂ ಹೊಸ ಯೋಜನೆಯೇ ಬೇಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ 18 ವರ್ಷದೊಳಗಿನವರನ್ನು ಪರೀಕ್ಷಿಸುತ್ತವೆ. ಈ ಕುಟುಂಬಗಳ ಮಕ್ಕಳ ನಡಿಗೆ, ಎತ್ತರ, ಸೊಂಟದ ತಿರುವನ್ನು ವರ್ಷವರ್ಷವೂ ಬರೆದಿಡುವುದನ್ನು, ಬೇಕೆನಿಸಿದವರಿಗೆ ಎಕ್ಸ್‌ರೇ ಮಾಡಿಸುವುದನ್ನು ಅದೇ ತಂಡಕ್ಕೆ ವಹಿಸಬಹುದು. ಮದುವೆಯ ವಯಸ್ಸಿಗೆ ಬಂದವರಿಗೆ, ಅವರು ಬಯಸಿದರೆ, ಮಗುವಿಗೆ ಬರುವ ಸಾಧ್ಯತೆಯನ್ನು ಗುಟ್ಟು ಕಾಪಾಡಿ ತಿಳಿಸಿ ಹೇಳುವ ಆನುವಂಶಿಕ ಸಮಾಲೋಚಕರೊಬ್ಬರು ತಿಂಗಳಿಗೊಮ್ಮೆ ತಾಲ್ಲೂಕಿಗೆ ಬರುವ ತಜ್ಞರ ತಂಡದಲ್ಲೇ ಇರಬೇಕು.